ಹಗ್ಗಕ್ಕೆ ಕೈ ಹಾಕಿದವರು

ನವೆಂಬರ್ 1, ಶುಕ್ರವಾರ. ಸಂಜೆ

ಇವತ್ತೂ ಬೆರಳಿನ ಕಪ್ಪು ಹೋಗಲಿಲ್ಲ. ತೆಂಗಿನೆಣ್ಣೆ ಹಚ್ಚಿ ಹುಣಸೆಹುಳಿಯಲ್ಲಿ ತಿಕ್ಕಿದ್ದೇ ಬಂತು. ಬೀಜದ ಫ್ಯಾಕ್ಟರಿಗೆ ಸೇರಿದಾಗಿನಿಂದ ಗೇರುಸಿಪ್ಪೆಯ ಎಣ್ಣೆ ಚರ್ಮದೊಳಗೇ ಮನೆ ಮಾಡಿದೆ. ಶುಕ್ರವಾರ ಮಾತ್ರ ಹೀಗೆ ತಿಕ್ಕುವುದು — ಇವರು ವಿಡಿಯೋ ಕಾಲ್ ಮಾಡುವ ದಿನ ಅಂತ. ಫೋನಿನಲ್ಲಿ ಇವರಿಗೆ ನನ್ನ ಕೈ ಕಾಣುವುದೇ ಇಲ್ಲ. ಆದರೂ.

ಕಾಲ್ ಬಂದಾಗ ಅತ್ತೆ ಮೀನು ಮಾರಿ ಆಗಷ್ಟೇ ಬಂದಿದ್ದರು. ಬುಟ್ಟಿ ಇಳಿಸದೆಯೇ ಮಗನ ಮುಖ ನೋಡಿದರು.

"ಉಂಡ್ಯಾ ಯೋಗಿ?"

"ಉಂಡೆ ಅಬ್ಬಿ."

"ಎಂತ ಮೀನ್?"

"ಕೋಳಿ."

"ದಿನಾ ಹೊರುದ್ ಮೀನ್ ಪೆಟ್ಟಿಗಿ, ಉಂಬುದ್ ಕೋಳಿ. ಚಂದ ಆಯ್ತ್ ನಿನ್ ಫಾರಿನ್!"

ಕಡಲಲ್ಲೇ ಹುಟ್ಟಿದ ಹಾಗಿದ್ದವರು ಅಲ್ಲಿ ಕೋಲ್ಡ್ ಸ್ಟೋರೇಜಿನಲ್ಲಿ ಪೆಟ್ಟಿಗೆ ಜೋಡಿಸುತ್ತಾರೆ. ಒಳಗೆ ಜಾಕೆಟ್ ಹಾಕಿದರೂ ನಡುಕ, ಹೊರಗೆ ಬಂದರೆ ಬೆಂಕಿ. ರಜೆಯ ದಿನ ನಡೆದುಕೊಂಡು ಕಡಲ ದಂಡೆಗೆ ಹೋಗುತ್ತಾರೆ. ಇವತ್ತು ಅಲ್ಲಿಂದಲೇ ಮಾತಾಡಿದ್ದು. ಫೋನ್ ತಿರುಗಿಸಿ ತೋರಿಸಿದರು. ಬಿಳಿ ನಿಲುವಂಗಿ ಎತ್ತಿ ಕಟ್ಟಿದ ಒಬ್ಬ ಮುದುಕ, ಜೊತೆಗೆ ಒಂದಷ್ಟು ಜನ. ನಮ್ಮ ಕೈರಂಪಣಿಯ ಹಾಗೇ, ಬಲೆಯನ್ನು ನೀರಿನಲ್ಲಿ ಸುತ್ತುಹಾಕಿ ಎರಡೂ ತುದಿಯ ಹಗ್ಗವನ್ನು ದಡದಲ್ಲಿ ನಿಂತು ಎಳೆಯುತ್ತಿದ್ದರು.

"ಕಾಣ್ ಹರಿಣಿ, ಒಬ್ಬೊಬ್ರ್ ಒಂದೊಂದ್ ಹೊತ್ತಿಗ್ ಎಳಿತ್ರ್. ಹ್ವಾಯ್ ಅಂದ್ಹೇಳಿ ಕೂಗುವರೇ ಇಲ್ಲೆ."

"ನಿಮ್ಗೆಂತಕ್ಕೆ? ಸುಮ್ನೆ ಕೂಕಣಿ."

"ಕೈ ತುರ್ಸ್ತ್ ಮಾರಾಯ್ತಿ."

ನಗು ಬಂತು. ಆಮೇಲೆ ಕೇಳಿದೆ — ಅಲ್ಲಿ ಓಟು ಹಾಕುವುದೇ ಇಲ್ಲವಂತೆ, ಹೌದಾ ಅಂತ. ಪೇಪರಿನಲ್ಲಿ ಓದಿದ್ದು. ಇವರ ಮುಖ ಸಣ್ಣದಾಯಿತು. "ಅದೆಲ್ಲ ಫೋನಂಗೆ ಬ್ಯಾಡ." ಮತ್ತೆ ಕಡಲು ತೋರಿಸಿದರು.

ಆ ದೇಶದ ಹೆಸರನ್ನು ಇಲ್ಲೂ ಬರೆಯುವುದಿಲ್ಲ. ಇವರಿಗೆ ಇಷ್ಟವಿಲ್ಲ.

ನವೆಂಬರ್ 8, ಶುಕ್ರವಾರ

ಕೈ ತಿಕ್ಕಿಕೊಂಡು ಕೂತೆ. ಫೋನ್ ಬರಲಿಲ್ಲ.

ಅತ್ತೆ ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ನಮ್ಮ ಮನೆಯಲ್ಲಿ ಟವರ್ ಸಿಗುವುದು ಅಲ್ಲಿ ಮಾತ್ರ. ದೀಪ ಹಚ್ಚುವಾಗಲೂ ಅದನ್ನೇ ನೋಡುತ್ತಿದ್ದರು.

ನವೆಂಬರ್ 10, ಭಾನುವಾರ

ಇವರನ್ನು ಪೊಲೀಸರು ಹಿಡಿದಿದ್ದಾರೆ.

ಇವರ ರೂಮಿನಲ್ಲಿರುವ ಕೋಟದ ರೋಹಿತ್ ವಾಯ್ಸ್ ಮೆಸೇಜ್ ಕಳಿಸಿದ್ದಾನೆ. ತುಂಡು ತುಂಡಾಗಿ, ಪಿಸುಮಾತಿನಲ್ಲಿ. ಶುಕ್ರವಾರ ಬೆಳಿಗ್ಗೆ ದಂಡೆಯಲ್ಲಿ ಆ ಮುದುಕನ ಬಲೆ ಭಾರವಾಗಿ ನಿಂತುಬಿಟ್ಟಿತಂತೆ. ಇವರು ಪ್ಯಾಂಟು ಮಡಚಿ ಹೋಗಿ ಹಗ್ಗಕ್ಕೆ ಕೈ ಹಾಕಿದ್ದಾರೆ. ಹ್ವಾಯ್ ಅಂತ ಕೂಗಿ ಎಲ್ಲರನ್ನೂ ಒಂದೇ ಎಳೆತಕ್ಕೆ ತಂದಿದ್ದಾರೆ. ಬಲೆ ದಡಕ್ಕೆ ಬಂದ ಮೇಲೆ ಮುದುಕ ಒಂದು ಚೀಲ ಮೀನು ಕೊಟ್ಟ. ಅದನ್ನು ಹಿಡಿದು ರಸ್ತೆ ದಾಟುವಾಗ ತಪಾಸಣೆ. ಒದ್ದೆ ಬಟ್ಟೆ, ಕೈಯಲ್ಲಿ ಮೀನು, ಕಾರ್ಡಿನಲ್ಲಿ ಮಾತ್ರ ಕೋಲ್ಡ್ ಸ್ಟೋರೇಜ್ ಕೆಲಸ.

ಅಲ್ಲಿ ವೀಸಾ ಕೊಟ್ಟ ಧಣಿಯನ್ನು ಬಿಟ್ಟು ಬೇರೆಯವರ ಹತ್ತಿರ ದುಡಿಯುವುದು ಅಪರಾಧ. ಮೀನು ಯಾರಾದರೂ ಧರ್ಮಕ್ಕೆ ಕೊಟ್ಟರಾ ಅಂತ ಪೊಲೀಸ್ ಕೇಳಿದನಂತೆ. ಹೌದು ಅಂದಿದ್ದರೆ ಬಿಟ್ಟೇ ಬಿಡುತ್ತಿದ್ದನೇನೋ. ಇವರು ಇಲ್ಲ ಅಂದರಂತೆ. ಇದು ಪಾಲು. ನನ್ನ ಪಾಲು. ಹಗ್ಗ ಎಳೆದಿದ್ದೇನೆ.

ಅಲ್ಲಿಗೆ ಮುಗಿಯಿತು.

ಅತ್ತೆ ಮೆಸೇಜನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದರು. "ಹಗ್ಗಕ್ಕ್ ಕೈ ಹಾಕ್ರೆ ಪೋಲೀಸ್ರಾ? ಅದೆಂತ ಊರ್ ಹೆಣೆ?" ಆಮೇಲೆ, "ಧರ್ಮಕ್ಕ್ ಅಂದ್ಹೇಳೂಕೆ ಅವ್ನಿಗ್ ಬಾಯ್ ಬಪ್ಪುದಾ? ನಾ ಸಾಕಿದ್ ಹಾಂಗೆ" ಅಂದರು. ಹೆಮ್ಮೆಯೋ ಅಳುವೋ ತಿಳಿಯಲಿಲ್ಲ.

ನಾನು ಒಳಗೆ ಹೋಗಿ ಇವರ ಅಂಗಿ ಮಡಚಿದೆ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದೆ.

ನವೆಂಬರ್ 12, ಮಂಗಳವಾರ

ಜಗಲಿ ತುಂಬ ಜನ. ನಾನು ಬಾಗಿಲ ಹಿಂದೆ ನಿಂತಿದ್ದೆ, ಯಾವಾಗಿನ ಹಾಗೆ.

ಪ್ರಥಮ್ ಬಂದಿದ್ದ. ಬೈಂದೂರಿನಲ್ಲಿ ಡಿಗ್ರಿ ಓದುವ ಹುಡುಗ, ಫೋನಿನಲ್ಲೇ ಒಂದು ಚಾನೆಲ್ ನಡೆಸುತ್ತಾನೆ. ಫೋನನ್ನು ಕೋಲಿಗೆ ಸಿಕ್ಕಿಸಿ ಅತ್ತೆಯ ಮುಂದೆ ಹಿಡಿದ.

"ದೊಡ್ಡಮ್ಮ, ಆ ಸರ್ಕಾರ ಎಂಥ ಕ್ರೂರಿ ಅಂದ್ಹೇಳಿ ಎರ್ಡ್ ಮಾತ್ ಹೇಳಿ. ಕಣ್ಣೀರ್ ಹಾಕಿ ಮರ್ಕ್ರೂ ಅಡ್ಡಿಲ್ಲೆ."

"ಅಡ್ಡಿಲ್ಲೆ ಅಂಬುಕೆ ನಿನ್ನಪ್ಪನ್ ಮನಿ ಕಣ್ಣೀರಾ ಮಗಾ?"

ಆ ಸಂಕಟದಲ್ಲೂ ಎಲ್ಲರೂ ನಕ್ಕರು. ಪ್ರಥಮ್ ಕೋಲು ಇಳಿಸಿದ. ಪಾಪ, ಒಳ್ಳೆಯ ಹುಡುಗ. ಜನ ನೋಡಿದರೆ ಮಂತ್ರಿಗಳಿಗೆ ಮುಟ್ಟುತ್ತದೆ, ಮಂತ್ರಿಗಳಿಂದ ರಾಯಭಾರ ಕಚೇರಿಗೆ ಅಂತ ಅವನ ಲೆಕ್ಕ.

ಪಕ್ಕದ ಮನೆಯ ಗುಡ್ಡಮಾವನಿಗೆ ಸಿಟ್ಟು ಬಂತು. ಹರೆಯವೆಲ್ಲ ಅದೇ ದೇಶದಲ್ಲಿ ದೋಣಿಯಲ್ಲಿ ದುಡಿದು ಬಂದವರು.

"ಕ್ರೂರಿ ಅಂಬುಕೆ ನೀ ಕಂಡಿದ್ಯಾ? ಆ ದೇಶದ್ ಅನ್ನ ಉಂಡವ ನಾನ್. ಯಂತ್ರಕ್ಕ್ ಸಿಕ್ಕಿದ್ ಈ ಕಾಲ್ ಕಡೀದೆ ಉಳ್ಸಿ ಕಳ್ಸ್ರ್. ಒಂದ್ ಪೈಸೆ ಕೇಳ್ಳಿಲ್ಲೆ. ನೀ ಇಲ್ಲ್ ನಿನ್ನಬ್ಬಿನ್ ಆಸ್ಪತ್ರಿಗ್ ಹಾಕಿ ಕಾಣ್."

"ಗುಡ್ಡಜ್ಜ, ಅಲ್ಲ್ ಸಂಘ ಕಟ್ಟೂಕ್ ಆತ್ತಾ? ಸರ್ಕಾರ ಸರಿ ಇಲ್ಲೆ ಅಂದ್ಹೇಳಿ ಬರೂಕ್ ಆತ್ತಾ?"

"ನೀ ಇಲ್ಲ್ ಬರ್ದ್ ಎಂತ ಕಡ್ದ್ ಹಾಕಿದ್ದೆ?"

"ಬರೂಕಾರೂ ಆತ್ತಲ ಅಜ್ಜ!"

ಗುಡ್ಡಮಾವ ಕೋಲು ಊರಿ ಎದ್ದು ಹೋದರು.

ಪ್ರಥಮ್ ಹೋಗುವಾಗ ಬಾಗಿಲ ಕಡೆ ತಿರುಗಿದ. "ಅತ್ಗೆ, ನೀವ್ ಬರೀತ್ರಿ ಅಲ್ದಾ? ವಾರಪತ್ರಿಕೆಯಂಗೆ ನಿಮ್ ಕತಿ ಬಂದಿತ್ತಲ. ಯೋಗಿಯಣ್ಣನ್ ಬಗ್ಗೆ ನೀವೇ ಬರಿನಿ. ಡಿಸೆಂಬರ್ ಹತ್ತಕ್ಕೆ ಮಾನವ ಹಕ್ಕುಗಳ ದಿನ. ಕುಂದಾಪುರದಂಗೆ ಸಭೆ ಮಾಡ್ತ್ರ್."

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಒಂದು ದೇಶದ ಬಗ್ಗೆ ಏನು ಬರೆಯಲಿ. ತಲೆ ತಗ್ಗಿಸಿದೆ. ಆಗಲಿ ಅಂದ ಹಾಗೆ ಅವನಿಗೆ ಕಂಡಿತೋ ಏನೋ.

ನವೆಂಬರ್ 15, ಶುಕ್ರವಾರ

ಫ್ಯಾಕ್ಟರಿಗೆ ಹೋಗಿ ಬಂದೆ. ಕೈ ತಿಕ್ಕಲಿಲ್ಲ.

ಮೊಬೈಲಿನಲ್ಲಿ ಆ ದೇಶದ ಬಗ್ಗೆ ಓದುತ್ತಿದ್ದೇನೆ. ಕನ್ನಡದಲ್ಲಿ ಸಿಕ್ಕಿದಷ್ಟು, ಮೊಬೈಲೇ ಕನ್ನಡ ಮಾಡಿಕೊಟ್ಟದ್ದು ಒಂದಷ್ಟು. ಎರಡು ಬಗೆ ಇದೆ. ಒಂದರಲ್ಲಿ ಅದು ನರಕ: ಪಾಸ್‌ಪೋರ್ಟ್ ಕಿತ್ತುಕೊಳ್ಳುತ್ತಾರೆ, ಮಾತಾಡಿದವರನ್ನು ಒಳಗೆ ಹಾಕುತ್ತಾರೆ. ಇನ್ನೊಂದರಲ್ಲಿ ಸ್ವರ್ಗ: ಕಳ್ಳರಿಲ್ಲ, ಬಡವರಿಲ್ಲ, ರಸ್ತೆ ಕನ್ನಡಿಯ ಹಾಗಿದೆ. ನನ್ನ ಗಂಡ ಇವೆರಡರ ನಡುವೆ ಎಲ್ಲೋ ಒಂದು ಕೋಣೆಯಲ್ಲಿದ್ದಾರೆ. ಆ ಕೋಣೆಯಲ್ಲಿ ಫ್ಯಾನ್ ಇದೆಯಾ, ಅದನ್ನು ಯಾರೂ ಬರೆದಿಲ್ಲ.

ಇನ್ನೊಂದು ಕಡೆ ಬರೆದಿತ್ತು — ಆ ದೇಶವನ್ನು ಬೈಯುವ ದೊಡ್ಡ ದೇಶಗಳೇ ಅದಕ್ಕೆ ಬಂದೂಕು ಮಾರುತ್ತವೆ, ಎಣ್ಣೆ ಕೊಳ್ಳುತ್ತವೆ ಅಂತ. ಹಾಗಾದರೆ ಬೈಗುಳದಲ್ಲಿ ಎಷ್ಟು ನಿಜ, ಎಷ್ಟು ವ್ಯಾಪಾರ? ಅತ್ತೆ ಮೀನು ಕೊಳ್ಳುವಾಗ ಐಸು ಕೊಡವಿಯೇ ತಕ್ಕಡಿಗೆ ಹಾಕಿಸುತ್ತಾರೆ. ಹಾಗೆ ಓದಬೇಕು. ಆದರೆ ಐಸು ಕೊಡವಿದ ಮೇಲೂ ಮೀನು ಉಳಿಯುತ್ತದಲ್ಲ. ಪಾಸ್‌ಪೋರ್ಟ್ ಕಿತ್ತುಕೊಳ್ಳುವುದು ಸುಳ್ಳಲ್ಲ. ಇವರದೂ ಧಣಿಯ ಪೆಟ್ಟಿಗೆಯಲ್ಲೇ ಇದೆ.

ನವೆಂಬರ್ 19, ಮಂಗಳವಾರ

ಇವರ ದನಿ!!

ಬುತ್ತಿ ಕಟ್ಟುತ್ತಿದ್ದೆ. ಗೊತ್ತಿಲ್ಲದ ನಂಬರ್. ಎತ್ತಿದರೆ ಇವರು. ಕಾವಲಿನವನ ಫೋನಂತೆ. ಅಬ್ಬಿಯ ಹತ್ತಿರ ಮಾತಾಡು ಅಂತ ಅವನೇ ಕೊಟ್ಟನಂತೆ.

"ಹೊಡಿತ್ರಾ?" ಕೇಳಿಯೇ ಬಿಟ್ಟೆ.

"ಇಲ್ಲೆ. ಉಂಬುಕೆ ಕೊಡ್ತ್ರ್. ಜನ ಸುಮಾರಿದ್ರ್, ಮಲ್ಗೂಕ್ ಜಾಗ ಸಾಲ್ದ್, ಅಷ್ಟೇ." ಆಮೇಲೆ, "ಆ ಮುದ್ಕ ಬಂದಿದ್ದ ಹರಿಣಿ. ನಾನೇ ಕರ್ದದ್, ನಂದೇ ತಪ್ಪ್ ಅಂದ್ಹೇಳಿ ಅವ್ರತ್ರ ಜಗಳ ಮಾಡ್ದ. ಅವ ನನ್ನ ಕರಿಲೇ ಇಲ್ಲೆ ಕಾಣ್."

ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ. ಇವರೇ ಕೇಳಿದರು.

"ಕೈ ಹ್ಯಾಂಗಿತ್ತ್? ಕಪ್ಪ್ ಹೋಯ್ತಾ?"

ಗೊತ್ತಿತ್ತು ಇವರಿಗೆ. ಇಷ್ಟು ದಿನವೂ ಗೊತ್ತಿತ್ತು.

ಅತ್ತೆಗೆ ಕೊಟ್ಟೆ. ಅತ್ತೆ ಕೇಳಿದ್ದು ಒಂದೇ: "ಉಂಡ್ಯಾ ಯೋಗಿ?" ಅಷ್ಟರಲ್ಲಿ ಕಟ್ಟಾಯಿತು.

ಧಣಿಯೂ ಕೇಸು ಹಾಕಿದ್ದಾನಂತೆ. ಅವನು ಅದನ್ನು ಹಿಂದೆ ತೆಗೆದುಕೊಳ್ಳದಿದ್ದರೆ ಜೈಲು, ತೆಗೆದುಕೊಂಡರೆ ಊರಿಗೆ ಕಳಿಸುತ್ತಾರೆ. ರೋಹಿತ್ ಹೇಳಿದ್ದು. ಧಣಿ ಇನ್ನೂ ಏನೂ ಹೇಳಿಲ್ಲ.

ನವೆಂಬರ್ 24, ಭಾನುವಾರ

ಸಾಸ್ತಾನದ ಕೋಡಿಗೆ ಹೋಗಿ ಬಂದೆ, ತವರಿಗೆ. ಇವರನ್ನು ಬಿಡಿಸಿ ಅಂತ ಕುಂದಾಪುರದ ಕಚೇರಿಗೆ ಕೊಡುವ ಅರ್ಜಿಗೆ ಸಾಕ್ಷಿಯಾಗಿ ಅಣ್ಣನ ಆಧಾರ್ ಕಾರ್ಡೂ ಬೇಕಿತ್ತು. ಸಚಿನಣ್ಣ ಈಗ ಬೋಟಿನ ತಾಂಡೇಲ, ಆಳುಗಳೆಲ್ಲ ಅವನ ಕೈಕೆಳಗೆ.

ಕಾರ್ಡ್ ಹುಡುಕಲು ಪ್ಲಾಸ್ಟಿಕ್ ಡಬ್ಬಿ ತಂದು ಚಾಪೆಯ ಮೇಲೆ ಸುರಿದ. ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಬಿತ್ತು. ಆಧಾರ್ ಕಾರ್ಡುಗಳು. ಒಂದೂ ನಮ್ಮವರ ಮುಖವಲ್ಲ.

"ಇದ್ ಯಾರದ್ದ್ ಅಣ್ಣ?"

"ಬೋಟಿನ್ ಹುಡ್ಗ್ರದ್ದ್. ಒಡಿಶಾದರ್."

"ನಿನ್ನತ್ರ ಎಂತಕ್ಕೆ?"

"ಇಲ್ದಿದ್ರೆ ಅಡ್ವಾನ್ಸ್ ತಕಂಡ್ ಓಡ್ತ್ರ್ ಮಾರಾಯ್ತಿ. ಸೀಜನ್ ಮುಗ್ದ್ ಕೂಡ್ಲೆ ಕೊಡ್ತೆ. ಎಲ್ಲ ಬೋಟಿನರೂ ಹಾಂಗೇ ಮಾಡುದ್."

ಕಟ್ಟಿನ ಮೇಲಿನ ಮುಖ ನೋಡಿದೆ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ. ಅಣ್ಣ ತನ್ನ ಕಾರ್ಡ್ ತೆಗೆದುಕೊಟ್ಟ, ಬಸ್ಸಿಗೆ ದುಡ್ಡೂ ಕೊಟ್ಟ, ಒಣ ಚಟ್ಲಿ ಸಿಗಡಿ ಕಟ್ಟಿಕೊಟ್ಟ. "ಆ ಅರಬ್ಬರಿಗೆ ಮನ್ಸತ್ವ ಇಲ್ಲೆ. ಭಾವನ್ ಪಾಸ್‌ಪೋರ್ಟ್ ಇಟ್ಕಂಬುಕೆ ಅವ್ರ್ ಯಾರ್?" ಅಂತ ಬಸ್‌ಸ್ಟ್ಯಾಂಡಿನವರೆಗೂ ಬೈದುಕೊಂಡೇ ಬಂದ. ಅವನ ಕಣ್ಣಲ್ಲಿ ನೀರಿತ್ತು. ಸುಳ್ಳು ನೀರಲ್ಲ.

ಅದಕ್ಕೇ ಏನೂ ಹೇಳಲಾಗಲಿಲ್ಲ. ಟೋಲ್ ಗೇಟಿನಲ್ಲಿ ಬಸ್ಸು ನಿಂತಾಗ ಇಳಿದು ವಾಪಸ್ ಹೋಗೋಣ ಅನ್ನಿಸಿತು. ಇಳಿಯಲಿಲ್ಲ.

ನವೆಂಬರ್ 28, ಗುರುವಾರ

ಗುಡ್ಡಮಾವ ಒಬ್ಬರೇ ಬಂದಿದ್ದರು. ಅತ್ತೆ ಮೀನು ಮಾರಲು ಹೋಗಿದ್ದರು. ಜಗಲಿಯ ತುದಿಯಲ್ಲಿ ಕೂತು ಬಹಳ ಹೊತ್ತು ಕಾಲು ನೀವಿಕೊಂಡರು.

"ನೀ ಬರೀತ್ಯಂಬ್ರಲೆ ಹೆಣೆ."

"ಇಲ್ಲೆ ಮಾವ. ಬರೂಕ್ ಬತ್ತಿಲ್ಲೆ."

"ಬರಿ. ಕಾಲ್ ಉಳ್ಸಿದ್ ಬರಿ. ಅದ್ ಬಿಡ್ಬ್ಯಾಡ." ಆಮೇಲೆ ಕಡಲ ಕಡೆ ನೋಡುತ್ತ, "ನನ್ನಪ್ಪಯ್ಯ ತೀರಿ ಹೋದ್ದೂ ಬರಿ. ಸುದ್ದಿ ಬಂದ್ ದಿನ ಧಣಿ ಪಾಸ್‌ಪೋರ್ಟ್ ಕೊಡ್ಲಿಲ್ಲೆ. ಕೆಲ್ಸ ಇತ್ತ್, ಮುಗ್ಸಿ ಹೋಗ್ ಅಂದ. ನಾ ಬಪ್ಪತಿಗೆ ವರ್ಷಾಂತ ಮುಗ್ದಿತ್ತ್. ಊರಂಗೆ ಯಾರಿಗೂ ಹೇಳಿಲ್ಲೆ. ಟಿಕೇಟ್ ಸಿಕ್ಲಿಲ್ಲೆ ಅಂದೆ."

"ಮತ್ತೆ ಅವತ್ತ್ ಪ್ರಥಮನತ್ರ..."

"ಅವ ಬೈತಿದ್ದದ್ ನಾ ಉಂಡ ಬಟ್ಲಿಗೆ. ಮತ್ತೆಂತ ಮಾಡ್ಲಿ? ಅದೂ ಅವ್ರೇ, ಇದೂ ಅವ್ರೇ. ಎರ್ಡೂ ಬರಿ."

ಚಹಾ ಕೊಟ್ಟೆ. ಕುಡಿಯದೆ ಹೋದರು. ಮರೆತು ಹೋದದ್ದು.

ಡಿಸೆಂಬರ್ 2, ಸೋಮವಾರ

ಬರೆದೆ. ಸಭೆಗೆ ಅಲ್ಲ, ಆ ದೇಶದವರಿಗೇ. ಗುಡ್ಡಮಾವನ ಜೊತೆ ಆ ದೇಶದಲ್ಲಿದ್ದ ಗಂಗೊಳ್ಳಿಯವರೊಬ್ಬರು ಅಲ್ಲಿನ ಭಾಷೆಗೆ ಮಾಡಿಕೊಡುತ್ತಾರಂತೆ. ರೋಹಿತ್ ಅದನ್ನು ಧಣಿಗೂ ಅಲ್ಲಿನ ಪೊಲೀಸ್ ಕಚೇರಿಗೂ ತಲುಪಿಸುತ್ತಾನೆ. ಮರೆಯದಿರಲಿ ಅಂತ ಇಲ್ಲೂ ಬರೆದಿಡುತ್ತೇನೆ.

"ಮಾನ್ಯರೇ, ನಾನು ಯೋಗೀಶನ ಹೆಂಡತಿ. ನಿಮ್ಮ ದೇಶದ ಬಗ್ಗೆ ಕೇಳಿ ಗೊತ್ತು, ಕಂಡು ಗೊತ್ತಿಲ್ಲ. ನಮ್ಮೂರಿನ ಒಬ್ಬರ ಕಾಲನ್ನು ನೀವು ಉಳಿಸಿದ್ದೀರಿ. ಅದೇ ಮನುಷ್ಯನನ್ನು ತಂದೆಯ ಮುಖ ಕೊನೆಯ ಸಲ ನೋಡಲು ಬಿಡಲಿಲ್ಲ. ಎರಡೂ ನಿಜ. ನಮ್ಮ ಕಡಲಿನಲ್ಲಿ ಬಲೆ ಎಳೆಯುವಾಗ ಹಗ್ಗಕ್ಕೆ ಕೈ ಹಾಕಲು ಯಾರೂ ಯಾರನ್ನೂ ಕೇಳುವುದಿಲ್ಲ. ಕೈ ಹಾಕಿದವರಿಗೆ ಪಾಲು ಇಲ್ಲ ಅನ್ನುವುದಿಲ್ಲ, ದಾರಿಯಲ್ಲಿ ಹೋಗುವವನಾದರೂ ಸರಿ. ಅದು ಕೂಲಿಯಲ್ಲ, ಧರ್ಮವೂ ಅಲ್ಲ. ನನ್ನ ಗಂಡ ನಿಮ್ಮ ಕಡಲನ್ನು ನಮ್ಮ ಕಡಲು ಅಂದುಕೊಂಡರು. ಅವರ ತಪ್ಪು ಅಷ್ಟೇ. ಧಣಿ ಒಪ್ಪದೆ ಮನುಷ್ಯ ಕೈ ಎತ್ತಬಾರದು ಎನ್ನುವ ಕಾನೂನು ನನಗೆ ಸರಿ ಕಾಣುವುದಿಲ್ಲ. ಬೈಯಲು ಹೇಳುತ್ತಿಲ್ಲ. ನಮ್ಮ ಮನೆಯಲ್ಲೂ ಅಂಥದ್ದು ಇದೆ. ನನ್ನ ಅಣ್ಣನಿಗೂ ಇದನ್ನು ಹೇಳಬೇಕು. ಧೈರ್ಯ ಬಂದಿಲ್ಲ. ನಿಮಗೇ ಮೊದಲು ಹೇಳುತ್ತಿದ್ದೇನೆ. ನನ್ನ ಗಂಡನನ್ನು ಕಳಿಸಿಕೊಡಿ."

ಜಗಲಿಯಲ್ಲಿ ಪ್ರಥಮ್ ಗಟ್ಟಿಯಾಗಿ ಓದಿದ. ನಾನು ಬಾಗಿಲ ಹಿಂದೆ. ಓದಿ ತಲೆ ಕೆರೆದುಕೊಂಡ.

"ಅತ್ಗೆ, ಕಾಲ್ ಉಳ್ಸಿದ್ ತೆಗೀನಿ. ಅವ್ರನ್ನ ಹೊಗಳ್ದ್ ಹಾಂಗ್ ಆತ್ತ್."

"ಅದಿರ್ಲಿ," ಅಂದರು ಗುಡ್ಡಮಾವ. "ಕಾನೂನ್ ಸರಿ ಅಲ್ಲ ಅಂಬುದ್ ತೆಗಿ ಮಗಳೆ. ಅವ್ರಿಗೆ ಸಿಟ್ಟ್ ಬಂದ್ರೆ ಹುಡ್ಗನ್ ಗತಿ?"

ಅದು ನನಗೂ ಭಯ. ಇವರು ಅಲ್ಲಿ ಒಳಗಿದ್ದಾರೆ, ನಾನು ಇಲ್ಲಿ ಬೇಲಿಯೊಳಗೆ ಕೂತು ಸರಿ–ತಪ್ಪು ಬರೆಯುತ್ತೇನೆ. ಪೆನ್ನು ತೆಗೆದುಕೊಂಡೆ. ಹೊಡೆದುಹಾಕೋಣ ಅಂತಲೇ.

ಮೀನು ಕೊಯ್ಯುತ್ತಿದ್ದ ಅತ್ತೆ ಅಂಗಳದಿಂದಲೇ ಹೇಳಿದರು: "ಒಬ್ಬ ತಲಿ ಕಡಿ ಅಂತ, ಒಬ್ಬ ಬಾಲ ಕಡಿ ಅಂತ. ನಾ ಎಂತ ನಡುವಿನ್ ತುಂಡ್ ಕಳ್ಸುದಾ? ನನ್ ಮಗ ಪಾಲ್ ಅಂದ್ಹೇಳಿಯೇ ಒಳ್ಗ್ ಹೋದ್ದ್. ಇಡೀ ಮೀನ್ ಕಳ್ಸ್ ಹೆಣೆ."

ಕಳಿಸಿದೆವು.

ಡಿಸೆಂಬರ್ 10, ಮಂಗಳವಾರ. ಕುಂದಾಪುರದಿಂದ ಬಂದು

ಚಪ್ಪಲಿ ಬಿಚ್ಚಿದವಳು ನೇರ ಬರೆಯಲು ಕೂತೆ.

ಪ್ರಥಮ್ ಬಿಡಲಿಲ್ಲ. ಅದೇ ಪತ್ರವನ್ನು ಸಭೆಯಲ್ಲಿ ಓದಿ ಅಂದ. ಮೈಕ್ ಮುಂದೆ ನಿಂತರೆ ದನಿಯೇ ಇಲ್ಲ. ಹಿಂದಿನ ಸಾಲಿನಿಂದ ಅತ್ತೆ, "ಮೀನ್ ಬೇಕಾ ಅಂಬಷ್ಟ್ ಗಟ್ಟಿ ಹೇಳ್ ಹೆಣೆ!" ನಗು ಎದ್ದಿತು. ಆ ನಗುವಿನಲ್ಲೇ ಶುರುಮಾಡಿದೆ.

'ನಮ್ಮ ಮನೆಯಲ್ಲೂ ಅಂಥದ್ದು ಇದೆ' ಅನ್ನುವಲ್ಲಿಗೆ ಬಂದಾಗ ತಲೆ ಎತ್ತಿದೆ. ಬಾಗಿಲ ಹತ್ತಿರ ಸಚಿನಣ್ಣ. ಬೋಟು ಬಿಟ್ಟು ನನ್ನ ಮಾತು ಕೇಳಲು ಬಂದಿದ್ದಾನೆ, ಹೊಸ ಅಂಗಿ ಹಾಕಿಕೊಂಡು. ನಿಲ್ಲಿಸಿದೆ. ಆಮೇಲೆ ಓದಿದೆ. ಕಾರ್ಡಿನ ಕಟ್ಟಿನ ಬಗ್ಗೆ ಪತ್ರದಲ್ಲಿಲ್ಲದ ಒಂದು ಮಾತನ್ನೂ ಹೇಳಿದೆ. ಅಣ್ಣನ ಹೆಸರು ಹೇಳಲಿಲ್ಲ.

ಮತ್ತೆ ನೋಡಿದರೆ ಬಾಗಿಲಲ್ಲಿ ಯಾರೂ ಇಲ್ಲ.

ಚಪ್ಪಾಳೆ ಕಡಿಮೆ. ಆ ದೇಶಕ್ಕೆ ಧಿಕ್ಕಾರ ಅಂದವರಿಗೆ ಜಾಸ್ತಿ ಬಿತ್ತು.

ಡಿಸೆಂಬರ್ 18, ಬುಧವಾರ

ಅಣ್ಣ ಫೋನ್ ಎತ್ತುತ್ತಿಲ್ಲ. ರೋಹಿತನಿಂದಲೂ ಸುದ್ದಿ ಇಲ್ಲ. ಪತ್ರ ತಪ್ಪಾಯಿತಾ... ಒಂದು ಸಾಲು ಹೊಡೆದುಹಾಕಿದ್ದರೆ ಇಷ್ಟು ಹೊತ್ತಿಗೆ ಇವರು ಇಲ್ಲಿರುತ್ತಿದ್ದರಾ.

ಡಿಸೆಂಬರ್ 22, ಭಾನುವಾರ

ಸಚಿನಣ್ಣ ಬಂದ. ಒಳಗೆ ಬರಲಿಲ್ಲ. ಅಂಗಳದಲ್ಲೇ ನಿಂತು ಬಂಗುಡೆಯ ಚೀಲ ಕೊಟ್ಟ.

"ಕಾರ್ಡ್ ಎಲ್ಲ ವಾಪಸ್ ಕೊಟ್ಟೆ. ಇಬ್ರ್ ಓಡಿ ಹ್ವಾರ್. ಸಮಾಧಾನ ಆಯ್ತಾ ನಿಂಗೆ?"

"ಉಳ್ದರ್?"

"ಇದ್ರ್." ಚಪ್ಪಲಿಯಿಂದ ಮಣ್ಣು ಕೆದಕಿದ. "ಒಬ್ಬ ಕಾರ್ಡ್ ಅವ್ನ್ ಅಬ್ಬಿಗೆ ಫೋನಂಗ್ ತೋರ್ಸ್ತಿದ್ದ. ಎಂತಕ್ಕೆ ಅಂದ್ಹೇಳಿ ನಂಗ್ ಗೊತ್ತಿಲ್ಲೆ."

ಹೊರಟವನು ತಿರುಗಿ, "ಭಾವ ಬಂದ್ರೆ ಹೇಳ್" ಅಂದ. ಬೈಕ್ ಸ್ಟಾರ್ಟ್ ಮಾಡಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಡಿಸೆಂಬರ್ 28, ಶನಿವಾರ

ಬಿಟ್ಟರು! ಬಿಟ್ಟರು!

ಧಣಿ ಕೇಸು ಹಿಂದೆ ತೆಗೆದುಕೊಂಡನಂತೆ. ಊರಿಗೆ ಕಳಿಸುತ್ತಾರೆ, ಮತ್ತೆ ಯಾವತ್ತೂ ಆ ದೇಶಕ್ಕೆ ಕಾಲಿಡುವ ಹಾಗಿಲ್ಲ. ಮುದುಕ ದಿನಾ ಧಣಿಯ ಅಂಗಡಿಯ ಮುಂದೆ ಹೋಗಿ ಕೂರುತ್ತಿದ್ದನಂತೆ. ನನ್ನ ಪತ್ರವನ್ನು ಯಾರಾದರೂ ಓದಿದರಾ, ಕೇಳಿದೆ. ಕೊಟ್ಟಿದ್ದೇನೆ, ಓದಿದ್ದು ಗೊತ್ತಿಲ್ಲ ಅಂದ ರೋಹಿತ್. ಇರಲಿ.

ಅತ್ತೆ ಇವತ್ತು ಬುಟ್ಟಿಯ ಮೀನು ಮಾರಲಿಲ್ಲ. ಕೇರಿಗೆಲ್ಲ ಹಂಚಿದರು.

ಜನವರಿ 4, ಶನಿವಾರ

ಇವರು ಬಂದು ಎರಡು ದಿನ. ಮೊದಲ ದಿನ ಬರೆಯಲಿಲ್ಲ, ನೋಡುತ್ತಾ ಕೂತಿದ್ದೆ.

ಕೆನ್ನೆ ಒಳಗೆ ಹೋಗಿದೆ. ನಿದ್ದೆಯಲ್ಲಿ ಮೈ ಮುದುಡಿಕೊಳ್ಳುತ್ತಾರೆ, ಪಕ್ಕದಲ್ಲಿ ಇನ್ನೂ ಜನ ಮಲಗಿದ್ದಾರೆ ಅನ್ನುವ ಹಾಗೆ. ನೀರು ಕುಡಿಯಲೂ ಕೇಳಿಯೇ ಎದ್ದು ಹೋಗುತ್ತಾರೆ. "ತಕಣ್ಲಾ?" ತನ್ನದೇ ಮನೆಯ ಕೊಡಪಾನ. ಅತ್ತೆ ಅದನ್ನು ಕೇಳಿ ಹಿತ್ತಲಿಗೆ ಹೋದರು.

ಕಡಲಿಗೆ ಇಳಿದಿಲ್ಲ. ಅಲೆಯ ಸದ್ದು ಕೇಳುವಷ್ಟು ಹತ್ತಿರ, ಆ ಕಡೆ ತಿರುಗಿಯೂ ಕೂರುವುದಿಲ್ಲ.

ಜನವರಿ 8, ಬುಧವಾರ. ಸಂಜೆ

ಪ್ರಥಮ್ ಬಂದು ಕೇಳಿದ, ಆ ಸರ್ಕಾರ ಹೇಗೆ ಅಂತ. ಗುಡ್ಡಮಾವನೂ ಕೇಳಿದರು, ಬೇರೆ ರೀತಿಯಲ್ಲಿ. ಇವರು ಎದ್ದು ಬಾವಿಗೆ ನೀರು ಸೇದಲು ಹೋದರು.

ಅವರೆಲ್ಲ ಹೋದ ಮೇಲೆ ಬಾವಿಕಟ್ಟೆಯ ಹತ್ತಿರ ನನ್ನನ್ನು ಕೂರಿಸಿ ಕೈ ಹಿಡಿದರು. ಹುಣಸೆಹುಳಿ ಕಿವುಚಿ ಒಂದೊಂದೇ ಬೆರಳು ತಿಕ್ಕಿದರು. ತಿಕ್ಕುತ್ತಲೇ ಹೇಳಿದರು.

"ಒಳ್ಗ್ ಒಬ್ಬ ಇದ್ದ ಹರಿಣಿ. ಅಲ್ಲಿನವನೇ, ಆ ದೇಶದವನೇ. ನಮ್ದೆಲ್ಲ ಕೇಸ್ ಆತ್ತ್, ಮುಗೀತ್ತ್. ಅವ್ನಿಗೆ ಕೇಸೇ ಇಲ್ಲೆ. ಎಂತದೋ ಬರ್ದಿದ್ನಂಬ್ರ್, ನಾಲ್ಕೇ ಸಾಲ್. ನಂಗ್ ಅವ್ನ್ ಭಾಷಿಯಂಗೆ ಎಣ್ಸೂಕೆ ಕಲ್ಸ್ದ. ನನ್ ಹೆಂಡ್ತಿ ಬರೀತ್ಲ್ ಅಂದೆ."

"ಎಂತ ಅಂದ?"

"ನಗಾಡ್ದ. ಬಾಗ್ಲ್ ತೆಗ್ದಿಟ್ಕಂಡ್ ಬರೀತ್ಲಾ ಅಂದ್ಹೇಳಿ ಕೇಳ್ದ. ಹೌದ್ ಅಂದೆ."

ಬೆರಳು ತಿಕ್ಕುವುದು ನಿಂತಿತು.

"ಕಾವಲಿನವ ನಂಗ್ ಫೋನ್ ಕೊಟ್ಟ. ಅವ್ನಿಗ್ ಕೊಡ್ಲಿಲ್ಲೆ. ಅದೇ ಕಾವಲಿನವ, ಅದೇ ಫೋನ್. ಕೊಟ್ರೆ ಕಾವಲಿನವ್ನನ್ನೂ ಒಳ್ಗ್ ಹಾಕ್ತ್ರಂಬ್ರ್. ಈಗ ಯಾರಾರೂ ಆ ದೇಶ ಹ್ಯಾಂಗೆ ಅಂದ್ರೆ ನಾ ಎಂತ ಹೇಳ್ಲಿ? ಆ ಕಾವಲಿನವ್ನ್ ಮುಖವೇ ಕಾಂತ್ ನಂಗೆ."

ನಾಲ್ಕು ಸಾಲು ಬರೆದವನ ಹೆಸರು ಹೇಳಿದರು. ಇಲ್ಲಿ ಬರೆಯುವುದಿಲ್ಲ. ಬರೆದರೆ ಅವನಿಗೆ ತೊಂದರೆಯೇನೋ, ಬರೆಯದಿದ್ದರೆ ಅವನು ಇದ್ದದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಏನು ಮಾಡಬೇಕು ತಿಳಿಯುತ್ತಿಲ್ಲ. ಅವನ ಅಬ್ಬಿ ಫೋನನ್ನು ಯಾವ ಕಿಟಕಿಯಲ್ಲಿ ಇಟ್ಟಿದ್ದಾಳೋ.

ಕಪ್ಪು ಹೋಗಲಿಲ್ಲ. ಇವರು ಹೋಯಿತು ಅಂದರು.

ಜನವರಿ 12, ಭಾನುವಾರ. ಬೆಳಿಗ್ಗೆ

ಕೈರಂಪಣಿ ಬಿಟ್ಟಿದ್ದಾರೆ. ದಂಡೆಯ ಹತ್ತಿರವೇ ಬೈಗೆ ಮೀನಿನ ರಾಶಿ ಬಂದಿದೆಯಂತೆ. ಹ್ವಾಯ್, ಹ್ವಾಯ್ ಅನ್ನುವುದು ಒಳಗಿನವರೆಗೂ ಕೇಳುತ್ತಿದೆ. ಕಿಟಕಿಯ ಹತ್ತಿರ ಕೂತು ಬರೆಯುತ್ತಿದ್ದೇನೆ.

ಗುಡ್ಡಮಾವ ಬೇಲಿಯಾಚೆಯಿಂದ ಕೂಗಿ ಹೋದರು. "ಯೋಗೀ, ಜನ ಸಾಲ್ದ್ ಕಣಾ!" ಆ ಕಾಲಿನಲ್ಲಿ ಅವರೇ ಹೊರಟಿದ್ದಾರೆ. ಇವರು ಜಗಲಿಯಲ್ಲಿದ್ದಾರೆ. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದಾರೆ.

ಐಸ್ ಪ್ಲಾಂಟಿನ ಒಡಿಶಾದವರು ಓಡುತ್ತಿದ್ದಾರೆ, ಪ್ಯಾಂಟು ಮಡಚಿಕೊಳ್ಳುತ್ತ. ಅವರನ್ನು ಯಾರೂ ಕರೆದಿಲ್ಲ.

ಇವರು ಅತ್ತೆಯನ್ನು ಕೇಳಿದರು: "ಅವ್ರಿಗೂ ಪಾಲ್ ಕೊಡ್ತ್ರ್ ಅಲ್ದಾ ಅಬ್ಬಿ?"

"ಕೈ ಹಾಕ್ರೆ ಕೊಡ್ದೆ ಎಂತ? ಇದೆಂತ ಕೇಂಬುದ್ ನೀನ್?"

ಇವರು ಕೈಗಳನ್ನು ತೊಡೆಯ ಕೆಳಗಿನಿಂದ ತೆಗೆದರು. ಎದ್ದರು. ಅಂಗಿ ಬಿಚ್ಚಿ ತಂತಿಯ ಮೇಲೆ ಹಾಕಿದರು. ಮೆಟ್ಟಿಲು ಇಳಿದು, ಅಂಗಳದ ನಡುವೆ ನಿಂತು ಕಿಟಕಿಯ ಕಡೆ ತಿರುಗಿದರು.

"ಹರಿಣಿ, ಬತ್ಯಾ?"

ಬತ್ತೆ ಅಂದೆ. ಒಂದೇ ಮಾತು ಬರೆದು ಬತ್ತೆ. ಆ ದೇಶದ ದಂಡೆಯಲ್ಲಿ, ಇವತ್ತು, ಆ ಮುದುಕನ ಹಗ್ಗಕ್ಕೆ ಯಾರು ಕೈ ಹಾಕುತ್ತಾರೋ —